ಬ್ಲಾಗಿಗೆ ಸ್ವಂತ ಮನೆಯೋ, ಬಾಡಿಗೆ ಮನೆಯೋ?

ಕಳೆದ ಮೊಂತಿ ಹಬ್ಬದಂದು ಹೊಸ ಅಕ್ಕಿಯ ಊಟ ಮುಗಿಸಿ ಮನೆಮಂದಿಯೆಲ್ಲ ಜಗಲಿಯಲ್ಲಿ ಕುಳಿತಿದ್ದೆವು. ಹಿಂದಿನ ಕಾಲದಲ್ಲಿ ಮಕ್ಕಳು ಬುಟ್ಟಿಯಲ್ಲಿ ಹೂ ತುಂಬಿಕೊಂಡು ಇಗರ್ಜಿಗೆ ನಡೆದುಹೋಗುತ್ತಿದ್ದ ಬಗೆಯನ್ನು ದಿವಂಗತ ದೊಡ್ಡಪ್ಪನವರು ತಮ್ಮ ಬ್ಲಾಗಿನಲ್ಲಿ ಬಹು ಸೊಗಸಾಗಿ ಬರೆದಿದ್ದರು. ಅದನ್ನು ಎಲ್ಲರಿಗೂ ಕೇಳುವಂತೆ ಓದೆಂದು ಅವರ ಮೊಮ್ಮಗನಿಗೆ ಹೇಳಿದೆವು. ಹುಡುಗ ಮೊಬೈಲಿನಲ್ಲಿ ವಿಳಾಸ ಒತ್ತಿದ. ತೆರೆದುಕೊಂಡದ್ದು ಜೂಜಾಟದ ಜಾಹೀರಾತು. ದೊಡ್ಡಮ್ಮ ಕನ್ನಡಕ ಸರಿಪಡಿಸಿಕೊಂಡು, "ಇದು ಅವರದ್ದಲ್ಲ ಮಗಾ, ಇನ್ನೊಮ್ಮೆ ನೋಡು" ಎಂದರು. ವಿಳಾಸವೇನೋ ಅವರದ್ದೇ ಆಗಿತ್ತು.

ದೊಡ್ಡಪ್ಪನವರು ಗಲ್ಫಿನಲ್ಲಿ ದುಡಿದು ಹಿಂತಿರುಗಿದವರು. ಸ್ವಂತದ್ದೆಂದರೆ ಅವರಿಗೆ ಬಲು ಅಭಿಮಾನ. ಡೊಮೈನ್ ಎಂದು ಕರೆಯಲಾಗುವ ಹೆಸರನ್ನು ತಮ್ಮದಾಗಿ ನೋಂದಾಯಿಸಿ, ಹೋಸ್ಟಿಂಗ್ ಕಂಪೆನಿಯೊಂದರ ಸರ್ವರಿನಲ್ಲಿ ಜಾಗ ಪಡೆದು, 2003ರಿಂದ ಉಚಿತವಾಗಿ ದೊರೆಯುತ್ತಿರುವ ವರ್ಡ್‌ಪ್ರೆಸ್ ತಂತ್ರಾಂಶವನ್ನು ತಾವೇ ಅಳವಡಿಸಿಕೊಂಡಿದ್ದರು. ಇಲ್ಲಿಂದ ತಮ್ಮನ್ನು ಎಬ್ಬಿಸುವವರು ಯಾರೂ ಇಲ್ಲ ಎಂಬುದು ಅವರ ಧೈರ್ಯ. ಆದರೆ ಹೆಸರಿಗೂ ಜಾಗಕ್ಕೂ ಅವಧಿ ಮುಗಿಯುತ್ತಲೇ ಮತ್ತೆ ಹಣ ಕಟ್ಟಬೇಕು. ನೆನಪೋಲೆಗಳು ಅವರ ಇಮೇಲಿಗೇ ಬರುತ್ತಿದ್ದವು. ಪಾಸ್‌ವರ್ಡ್ ಅವರ ಮನಸ್ಸಿನಲ್ಲಿಯೇ ಇತ್ತು. ಅವರು ತೀರಿಕೊಂಡಾಗ ನಾವು ಬ್ಯಾಂಕ್ ಪುಸ್ತಕ, ಜಮೀನಿನ ಕಾಗದಪತ್ರ ಎಲ್ಲವನ್ನೂ ನೋಡಿಕೊಂಡೆವು. ಬ್ಲಾಗು ಯಾರ ನೆನಪಿಗೂ ಬರಲಿಲ್ಲ. ಅವಧಿ ಮುಗಿದ ಡಾಟ್ ಕಾಂ ಹೆಸರನ್ನು ಬಿಡಿಸಿಕೊಳ್ಳಲು ಸ್ವಲ್ಪ ಕಾಲಾವಕಾಶವಿರುತ್ತದೆ. ಅದೂ ಕಳೆದರೆ ಯಾರು ಬೇಕಾದರೂ ಕೊಳ್ಳಬಹುದು. ಹಳೆಯ ಓದುಗರಿರುವ ಹೆಸರಿಗೆ ಬೆಲೆಯುಂಟಾದ ಕಾರಣ ಅದಕ್ಕೆಂದೇ ಕಾದು ಕುಳಿತವರೂ ಇದ್ದಾರೆ.

ಹಾಗಾದರೆ ಬ್ಲಾಗರ್, ವರ್ಡ್‌ಪ್ರೆಸ್ ಡಾಟ್ ಕಾಂನಂತಹ ಸಿದ್ಧ ವೇದಿಕೆಗಳೇ ಲೇಸೆಂದು ಹಲವರು ಹೇಳಿಯಾರು. ಅದರಲ್ಲಿ ಸತ್ಯಾಂಶವಿದೆ. 1999ರಲ್ಲಿ ಆರಂಭವಾಗಿ 2003ರಲ್ಲಿ ಗೂಗಲ್ ವಶಕ್ಕೆ ಬಂದ ಬ್ಲಾಗರಿನಲ್ಲಿ ಬರವಣಿಗೆ ನಿಂತು ವರ್ಷಗಳಾದ ಎಷ್ಟೋ ಕನ್ನಡ ಬ್ಲಾಗುಗಳು ಇಂದಿಗೂ ತೆರೆದುಕೊಳ್ಳುತ್ತವೆ. ಬಾಡಿಗೆಯಿಲ್ಲ, ದುರಸ್ತಿಯ ಚಿಂತೆಯಿಲ್ಲ. ಸ್ವಂತ ಜಾಗದಲ್ಲಾದರೋ ತಂತ್ರಾಂಶವನ್ನು ಆಗಾಗ ನವೀಕರಿಸದಿದ್ದಲ್ಲಿ ಕಳ್ಳರು ಒಳನುಗ್ಗುತ್ತಾರೆ.

ಆದರೆ ಗೇಣಿಗೆ ಗದ್ದೆ ಮಾಡಿದ ಹಿರಿಯರಿದ್ದ ಮನೆಗಳಲ್ಲಿ, ಧಣಿಯ ಮನಸ್ಸು ಬದಲಾಗುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಯಾಹೂ ಸಂಸ್ಥೆಯು ಜಿಯೋಸಿಟೀಸ್ ತಾಣವನ್ನು 2009ರ ಅಕ್ಟೋಬರಿನಲ್ಲಿ ಮುಚ್ಚಿದಾಗ ಲಕ್ಷಾಂತರ ಜನರ ಪುಟಗಳು ಅಲ್ಲಿಂದ ಮರೆಯಾದವು. ಅದು ಪುಕ್ಕಟೆ ಜಾಗವೆನ್ನೋಣ. 2003ರಲ್ಲಿ ಆರಂಭವಾದ ಟೈಪ್‌ಪ್ಯಾಡ್ ಹಣ ಪಡೆದೇ ಜಾಗ ಕೊಡುತ್ತಿತ್ತು. ಅದೂ 2025ರ ಸೆಪ್ಟೆಂಬರ್ 30ರಂದು ಬಾಗಿಲು ಹಾಕಿತು. ಬರೆದವರಿಗೆ ಗಂಟುಮೂಟೆ ಕಟ್ಟಲು ಸಿಕ್ಕಿದ್ದು ಸುಮಾರು ಒಂದು ತಿಂಗಳು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸಿಹಾಕಬಹುದೆಂದು ಗೂಗಲ್ ಸಹ 2023ರಲ್ಲಿ ಪ್ರಕಟಿಸಿದೆ. ನಮ್ಮ ನಾಡಿನಲ್ಲಿ 1974ರಲ್ಲಿ ಜಾರಿಯಾದ ಭೂಸುಧಾರಣೆಯಂತಹುದು ಅಂತರ್ಜಾಲಕ್ಕೆ ಇನ್ನೂ ಬಂದಿಲ್ಲವಷ್ಟೆ!

ಇದನ್ನೆಲ್ಲ ತೂಗಿ ನೋಡಿದಾಗ, ಒಬ್ಬರೇ ಬರೆಯುವ ಕುಟುಂಬಗಳಿಗೆ ಸಿದ್ಧ ವೇದಿಕೆಯೇ ಸಾಕೆಂದು ನಮಗೆ ತೋರುತ್ತದೆ. ಆದರೆ ಹೆಸರು ಮಾತ್ರ ನಮ್ಮದಾಗಿರಲಿ. ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಹೆಸರು ದೊರೆಯುತ್ತದೆ. ಡಾಟ್ ಕಾಂ ಹೆಸರನ್ನು ಒಮ್ಮೆಗೆ 10 ವರ್ಷಗಳವರೆಗೂ ಕಾದಿರಿಸಬಹುದು. ಅದನ್ನು ಬ್ಲಾಗರಿಗೆ ಜೋಡಿಸಲು ಗೂಗಲ್ ಪ್ರತ್ಯೇಕ ಶುಲ್ಕ ಪಡೆಯುವುದಿಲ್ಲ. ಮುಂದೆ ಧಣಿ ಎಬ್ಬಿಸಿದರೂ ಅದೇ ಹೆಸರಿನೊಂದಿಗೆ ಬೇರೆಡೆ ಒಕ್ಕಲಾಗಬಹುದು, ಹಳೆಯ ಓದುಗರಿಗೆ ದಾರಿ ತಪ್ಪುವುದಿಲ್ಲ. ಬರೆದುದೆಲ್ಲವನ್ನೂ ಒಂದೇ ಕಡತವಾಗಿ ಇಳಿಸಿಕೊಳ್ಳುವ ಸೌಲಭ್ಯ ಬ್ಲಾಗರಿನಲ್ಲಿಯೂ ವರ್ಡ್‌ಪ್ರೆಸ್ಸಿನಲ್ಲಿಯೂ ಇದೆ. ಕ್ರಿಸ್ಮಸ್ ರಜೆಯಲ್ಲಿ ಮಕ್ಕಳು ಮನೆಗೆ ಬಂದಾಗ ಅದೊಂದು ಕೆಲಸ ಮಾಡಿಸಿಕೊಳ್ಳಿರಿ. ನಿಮ್ಮ ಗೂಗಲ್ ಖಾತೆ ಬಳಕೆಯಿಲ್ಲದೆ ಬಿದ್ದರೆ ಅದರೊಳಗಿನದ್ದು ಯಾರಿಗೆ ಸೇರಬೇಕೆಂದು ಮೊದಲೇ ಸೂಚಿಸಿಡುವ ಏರ್ಪಾಡೂ ಉಂಟು. ಉಯಿಲು ಬರೆಯಲು ಹಿಂಜರಿಯುವ ನಮ್ಮ ಜನ ಇದನ್ನು ಮಾಡುವರೇ ಎಂಬುದು ಬೇರೆ ಮಾತು.

ಸ್ವಂತ ಸರ್ವರ್ ಜಾಗ ಬೇಡವೇ ಬೇಡವೆಂದು ನಾವು ಹೇಳುವುದಿಲ್ಲ. ಖಜಾಂಚಿಯಿದ್ದು ಲೆಕ್ಕಪುಸ್ತಕ ಕೈಯಿಂದ ಕೈಗೆ ಸಾಗುವ ಸಂಘಸಂಸ್ಥೆಗಳಿಗೆ ಅದು ಹೊಂದುತ್ತದೆ. ಅಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಹಣ ಕಟ್ಟುತ್ತಾರೆ. ದೊಡ್ಡಪ್ಪನವರಲ್ಲಿ ಎಲ್ಲವೂ ಇತ್ತು, ಆ ಇನ್ನೊಬ್ಬರಿರಲಿಲ್ಲ.

ಹಳೆಯ ಜಾಲಪುಟಗಳ ಪ್ರತಿಗಳನ್ನು 1996ರಿಂದ ಕಾಪಿಟ್ಟುಕೊಂಡು ಬಂದಿರುವ ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆ ಅಮೆರಿಕದಲ್ಲಿದೆ. ಮೊಮ್ಮಗ ಅಲ್ಲಿ ಹುಡುಕಿ ಕೆಲವು ಲೇಖನಗಳನ್ನು ತೆಗೆದ. ಮೊಂತಿ ಹಬ್ಬದ್ದು ಸಿಕ್ಕಿತು. ಕಾಗದದ ಮೇಲೆ ಮುದ್ರಿಸಿ ದೊಡ್ಡಮ್ಮನಿಗೆ ಕೊಟ್ಟೆವು. ಅವರ ಮದುವೆಯ ರೋಸ್ ಕುರಿತ ಪುಟವೂ ಬಂದಿದೆ, ಆದರೆ ಚಿತ್ರಗಳಿದ್ದ ಜಾಗ ಖಾಲಿ. ಮೂಲ ಚಿತ್ರಗಳನ್ನು ದೊಡ್ಡಪ್ಪನವರು ಯಾವ ಪೆಟ್ಟಿಗೆಯಲ್ಲಿ ಇಟ್ಟಿದ್ದರೋ, ಹುಡುಕುತ್ತಿದ್ದೇವೆ.