ವಿಕಿಪೀಡಿಯ ತೊಟ್ಟ ವೇಷಗಳು

ಇಂಗ್ಲಿಷ್ ವಿಕಿಪೀಡಿಯ 2001ರ ಡಿಸೆಂಬರ್ 20ರಂದು ಹೇಗಿತ್ತು ಎಂಬುದನ್ನು ಇವತ್ತಿಗೂ ನೋಡಬಹುದು. ಆ ದಿನದ ಪ್ರತಿಯನ್ನು ‘ನಾಸ್ಟಾಲ್ಜಿಯಾ’ ಎಂಬ ಹೆಸರಿನ ತಾಣದಲ್ಲಿ ಹಾಗೇ ಉಳಿಸಿಕೊಂಡಿದ್ದಾರೆ. ಬಿಳಿ ಪುಟ, ದೊಡ್ಡ ಶೀರ್ಷಿಕೆ, ಸಾಲು ಸಾಲು ನೀಲಿ ಕೊಂಡಿಗಳು. ಎಡಗಡೆ ಪಟ್ಟಿ ಇಲ್ಲ, ಮೇಲೆ ಟ್ಯಾಬ್‌ಗಳಿಲ್ಲ.

ಆಗ ಅದು ನಡೆಯುತ್ತಿದ್ದುದು ಯೂಸ್‌ಮಾಡ್‌ವಿಕಿ ಎಂಬ ಪುಟ್ಟ ತಂತ್ರಾಂಶದ ಮೇಲೆ. 2002ರ ಜನವರಿಯಲ್ಲಿ ಜರ್ಮನಿಯ ಮ್ಯಾಗ್ನಸ್ ಮ್ಯಾನ್ಸ್ಕೆ ಬರೆದ ಹೊಸ ತಂತ್ರಾಂಶ ಬಂತು. ಅದೇ ವರ್ಷದ ಜುಲೈನಲ್ಲಿ ಲೀ ಡೇನಿಯಲ್ ಕ್ರಾಕರ್ ಅದನ್ನು ಬುಡದಿಂದ ತಿದ್ದಿ ಬರೆದರು. ಮರುವರ್ಷ ಅದಕ್ಕೆ ಮೀಡಿಯಾವಿಕಿ ಎಂದು ಹೆಸರಾಯಿತು. ನೋಟ ಬದಲಿಸುವ ಥೀಮ್‌ಗಳಿಗೆ ಇಲ್ಲಿ ‘ಸ್ಕಿನ್’ ಎನ್ನುತ್ತಾರೆ.

ಸ್ಕಿನ್ ಬದಲಿಸಲು ಸಾಧ್ಯವಾಗುವುದಕ್ಕೆ ಕಾರಣ ವಿಕಿಯ ಬರವಣಿಗೆಯ ಕ್ರಮದಲ್ಲೇ ಇದೆ. ಬರೆಯುವವರು ಉಪಶೀರ್ಷಿಕೆಯ ಎರಡೂ ಬದಿಗೆ ಜೋಡಿ ಸಮಚಿಹ್ನೆ ಹಾಕಿ ಮುಂದೆ ಹೋಗುತ್ತಾರೆ. ಇದು ಉಪಶೀರ್ಷಿಕೆ ಎಂಬುದಷ್ಟೇ ಪುಟದಲ್ಲಿ ದಾಖಲಾಗುತ್ತದೆ. ಅದರ ಗಾತ್ರವೆಷ್ಟು, ಬಣ್ಣ ಯಾವುದು, ಅಡಿಗೆರೆ ಬೇಕೇ ಬೇಡವೇ ಎಂಬುದೆಲ್ಲ ಸ್ಕಿನ್ನಿನ ಪಾಲು. ಹಾಗಾಗಿ ಲಕ್ಷಾಂತರ ಲೇಖನಗಳ ಒಂದಕ್ಷರವನ್ನೂ ಮುಟ್ಟದೆ ಇಡೀ ವಿಶ್ವಕೋಶದ ರೂಪವನ್ನು ಬದಲಿಸಬಹುದು.

ಹಾಗೆ ಬದಲಿಸಿದವರಲ್ಲಿ ನಾನು ಮೊದಲು ನೆನೆಯುವುದು ಗೇಬ್ರಿಯಲ್ ವಿಕೆ ಅವರನ್ನು. 2004ರಲ್ಲಿ ಅವರ ‘ಮೊನೊಬುಕ್’ ಬಂತು. ಎಡಕ್ಕೆ ಪಟ್ಟಿ, ಮೇಲೆ ಟ್ಯಾಬ್‌ಗಳು, ಹಿನ್ನೆಲೆಯಲ್ಲಿ ಮಸುಕಾದ ತೆರೆದ ಪುಸ್ತಕದ ಚಿತ್ರ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರ ಜೂನ್‌ನಲ್ಲಿ. ಅದರ ಎಳೆಯ ವರ್ಷಗಳು ಬಹುಪಾಲು ಕಳೆದದ್ದು ಈ ಪುಸ್ತಕದ ನೆರಳಲ್ಲಿ. ಮೊನೊಬುಕ್ ನೋಟದ ನಿಯಮಗಳನ್ನೆಲ್ಲ ಸಿಎಸ್ಎಸ್ ಎಂಬ ಶೈಲಿ ಭಾಷೆಗೆ ಒಪ್ಪಿಸಿತು. ಸದಸ್ಯರು ತಮ್ಮ ಹೆಸರಿನ ಪುಟದಲ್ಲಿ ನಾಲ್ಕು ಸಾಲು ಸಿಎಸ್ಎಸ್ ಬರೆದು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದಾಯಿತು, ಬೇಡದ ಪಟ್ಟಿಯನ್ನು ಮರೆಮಾಡಬಹುದಾಯಿತು. ಎಲ್ಲ ಓದುಗರಿಗೂ ಅನ್ವಯವಾಗುವ ಸಿಎಸ್ಎಸ್ ಪುಟಗಳು ಬೇರೆ ಇವೆ. ಅವನ್ನು ತಿದ್ದುವ ಅಧಿಕಾರ 2018ರಿಂದ ಇಂಟರ್‌ಫೇಸ್ ನಿರ್ವಾಹಕರೆಂಬ ಕೆಲವರಿಗೆ ಮಾತ್ರ ಇದೆ.

2010ರಲ್ಲಿ ‘ವೆಕ್ಟರ್’ ಬಂತು. ಸ್ಟ್ಯಾಂಟನ್ ಫೌಂಡೇಷನ್ ಕೊಟ್ಟ 8.9 ಲಕ್ಷ ಡಾಲರ್ ನೆರವಿನ ಯೋಜನೆಯ ಫಲ ಅದು. ಹೊಸಬರು ಪುಟ ತಿದ್ದಲು ಎಲ್ಲಿ ತಡವರಿಸುತ್ತಾರೆಂದು ಗಮನಿಸಿ ರೂಪಿಸಿದ್ದು. ಹುಡುಕುವ ಪೆಟ್ಟಿಗೆ ಬಲಮೇಲಕ್ಕೆ ಹೋಯಿತು. ಜೊತೆಗೆ ಎಡಪಟ್ಟಿಯಲ್ಲಿದ್ದ ಬೇರೆ ಭಾಷೆಗಳ ಕೊಂಡಿಗಳನ್ನು ಮಡಚಿಟ್ಟರು. ಅವನ್ನು ಒತ್ತುವವರು ತೀರ ಕಡಿಮೆ ಎಂಬುದು ವಿನ್ಯಾಸಕಾರರ ವಾದ. ಸಂಪಾದಕರು ಬಲವಾಗಿ ವಿರೋಧಿಸಿದ ಮೇಲೆ ಪಟ್ಟಿ ಮತ್ತೆ ತೆರೆದುಕೊಂಡಿತು. ವಿರೋಧಿಸಿದವರ ಪರವಾಗಿಯೇ ನಾನಿದ್ದೇನೆ. ಇಂಗ್ಲಿಷ್ ಲೇಖನ ಓದುತ್ತಿರುವ ಹುಡುಗಿಯೊಬ್ಬಳಿಗೆ ಪಕ್ಕದಲ್ಲಿ ‘ಕನ್ನಡ’ ಎಂಬ ಮೂರಕ್ಷರ ಕಂಡರೆ, ಒತ್ತದಿದ್ದರೂ ಈ ವಿಷಯ ತನ್ನ ಭಾಷೆಯಲ್ಲೂ ಇದೆ ಎಂದು ಗೊತ್ತಾಗುತ್ತದೆ. ಎಷ್ಟು ಜನ ಒತ್ತಿದರು ಎಂಬ ಲೆಕ್ಕಕ್ಕೆ ಇದು ಸಿಗುವುದಿಲ್ಲ.

ರೋಮನ್ ಲಿಪಿಯನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ವಿನ್ಯಾಸ ಕನ್ನಡಕ್ಕೆ ಎಲ್ಲಿ ಸಾಲದು ಎಂಬುದಕ್ಕೆ ಮೀಡಿಯಾವಿಕಿಯ ಒಳಗೇ ಒಂದು ಸಾಕ್ಷಿಯಿದೆ. ‘ರಾಷ್ಟ್ರ’ ಎಂಬ ಪದವನ್ನೇ ನೋಡಿ, ಒತ್ತಕ್ಷರಗಳು ಸಾಲಿನಿಂದ ಎಷ್ಟು ಕೆಳಗಿಳಿಯುತ್ತವೆ! ಇಂಗ್ಲಿಷಿಗೆ ಒಪ್ಪುವ ಇಕ್ಕಟ್ಟಿನ ಸಾಲಿನಲ್ಲಿ ಅವಕ್ಕೆ ಜಾಗ ಸಾಲುವುದಿಲ್ಲ. ಅದಕ್ಕೆಂದೇ ಕನ್ನಡ, ಹಿಂದಿ, ಬಂಗಾಳಿ, ಮಲಯಾಳದಂಥ ಭಾಷೆಗಳ ಮುಖ್ಯ ಶೀರ್ಷಿಕೆಯ ಸಾಲು ಅಕ್ಷರದ ಗಾತ್ರಕ್ಕಿಂತ 1.6 ಪಟ್ಟು ಎತ್ತರವಿರಲಿ ಎಂಬ ನಿಯಮವನ್ನು ಪ್ರತ್ಯೇಕವಾಗಿ ಸೇರಿಸಿದರು. ಒಂದೇ ಸಾಲಿನ ನಿಯಮ, ಆದರೆ ಅದರಿಂದ ನಮ್ಮ ಒತ್ತಕ್ಷರಗಳು ಉಳಿದವು.

ಈಗ ಇಂಗ್ಲಿಷಿನಲ್ಲಿ ಕಾಣುವುದು ‘ವೆಕ್ಟರ್ 2022’. ಅಲ್ಲಿ ಚಾಲ್ತಿಗೆ ಬಂದದ್ದು 2023ರ ಜನವರಿ 18ರಂದು. ಅದಕ್ಕೂ ಮುಂಚೆ ಫ್ರೆಂಚ್, ಹೀಬ್ರೂ, ಬಾಸ್ಕ್ ವಿಕಿಪೀಡಿಯಗಳು ಅದರ ಬದಲಾವಣೆಗಳನ್ನು ಪ್ರಯೋಗಿಸಿ ನೋಡಿದ್ದವು. ಪರಿವಿಡಿ ಎಡಕ್ಕೆ ಬಂತು, ಸಾಲಿನ ಉದ್ದಕ್ಕೆ ಮಿತಿ ಬಿತ್ತು. ಎರಡೂ ಬದಿಯ ಖಾಲಿ ಜಾಗ ಕಂಡು ಹಲವರು ಸಿಡಿಮಿಡಿಗೊಂಡರು. ಹಳೆಯದಕ್ಕೆ ಮರಳಬೇಕೆ ಎಂಬ ಚರ್ಚೆಯಲ್ಲಿ ಒಮ್ಮತ ಮೂಡಲಿಲ್ಲ. ನನಗೆ ಮುಖ್ಯವೆನಿಸುವ ಬದಲಾವಣೆ ಬೇರೆ: ಭಾಷೆಗಳ ಗುಂಡಿ ಪುಟದ ನೆತ್ತಿಗೆ, ಶೀರ್ಷಿಕೆಯ ಸಾಲಿಗೇ ಬಂದಿದೆ. ಸಣ್ಣ ವಿಕಿಗಳಿಗೆ ಇದಕ್ಕಿಂತ ಒಳ್ಳೆಯ ಜಾಗ ಸಿಕ್ಕಿರಲಿಲ್ಲ.

ಹೊಸ ನೋಟ ಬೇಡವಾದವರಿಗೆ ಮೊನೊಬುಕ್ ಈಗಲೂ ಇದೆ. ಖಾತೆ ತೆರೆದವರು ಆಯ್ಕೆಗಳ ಪುಟದಲ್ಲಿ ಬದಲಿಸಿಕೊಳ್ಳಬಹುದು. ಮುಂದಿನ ಸ್ಕಿನ್ ಬರುವಾಗ ಕನ್ನಡಿಗರು ಅದನ್ನು ಕನ್ನಡ ಪುಟಗಳ ಮೇಲೆಯೇ ಪರೀಕ್ಷಿಸಬೇಕು. ಎಲ್ಲಾದರೂ ಒತ್ತಕ್ಷರ ಕತ್ತರಿಸಿದಂತೆ ಕಂಡರೆ ಪರದೆಯ ಚಿತ್ರ ತೆಗೆದು ವಿಕಿಮೀಡಿಯದ ದೋಷ ವರದಿಯ ತಾಣವಾದ ಫ್ಯಾಬ್ರಿಕೇಟರ್‌ನಲ್ಲಿ ದೂರು ದಾಖಲಿಸಿ.