ಪಂಚಾಯತಿಯ ಮತ ನಡೆದು ಬಂದ ದಾರಿ

ಘಟಪ್ರಭೆಯ ತೀರದ ಗೋಕಾಕ, ಹುಕ್ಕೇರಿ ಪ್ರದೇಶಗಳು ೧೯೫೬ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. ಲಾರ್ಡ್ ರಿಪ್ಪನ್ನರು ೧೮೮೨ರಲ್ಲಿ ಸ್ಥಳೀಯ ಸ್ವರಾಜ್ಯದ ನಿರ್ಣಯವನ್ನು ಹೊರಡಿಸಿದರು. ೧೮೮೪ರ ಮುಂಬಯಿ ಕಾಯಿದೆಯಿಂದ ಜಿಲ್ಲಾ, ತಾಲೂಕಾ ಲೋಕಲ್ ಬೋರ್ಡುಗಳ ಕೆಲವು ಸ್ಥಾನಗಳಿಗೆ ಚುನಾವಣೆ ಬಂದಿತು. ಆದರೆ ಅಂದು ಮತವು ಉಳ್ಳವರ ಸೊತ್ತಾಗಿತ್ತು. ಕೂಲಿಕಾರನಿಗೆ ಅದು ದಕ್ಕಲಿಲ್ಲ.

ಸ್ವಾತಂತ್ರ್ಯಾನಂತರ ವಯಸ್ಕರೆಲ್ಲರಿಗೂ ಮತ ದೊರೆಯಿತು. ೧೯೮೩ರ ಕಾಯಿದೆಯಂತೆ ೧೯೮೭ರಲ್ಲಿ ನಡೆದ ಮಂಡಲ ಪಂಚಾಯತಿ ಚುನಾವಣೆಯಲ್ಲಿ ಸ್ತ್ರೀಯರಿಗೆ ಶೇ. ೨೫ರಷ್ಟು ಸ್ಥಾನಗಳು ಮೀಸಲಾದವು. ೧೯೯೩ರ ಕಾಯಿದೆಯಿಂದ ಅದು ಮೂರನೆಯ ಒಂದು ಭಾಗವಾಯಿತು, ೨೦೧೦ರಲ್ಲಿ ಅರ್ಧಕ್ಕೇರಿತು.

ಹೀಗೆ ನೂರು ವರುಷ ಕಾದು ಪಡೆದ ಹಕ್ಕನ್ನು ನಾಡಿನ ಕೆಲವು ಊರುಗಳಲ್ಲಿ ಹರಾಜಿಗಿಟ್ಟು, ಅದಕ್ಕೆ ‘ಅವಿರೋಧ ಆಯ್ಕೆ’ ಎಂಬ ಹೆಸರು ಕೊಟ್ಟುದನ್ನು ಕೇಳಿ ನಾವು ನೊಂದೆವು. ಆ ಹಣದಿಂದ ಗುಡಿಯ ಗೋಪುರವೇ ಎದ್ದರೂ ಬಡವನ ಮಾತು ಅಡಗಿತಲ್ಲವೆ? ಬಂಧುಗಳೇ, ಮತವನ್ನು ಮಾರದಿರೋಣ.