ಗಿಟಾರಿನ ಪೆಟ್ಟಿಗೆ ಗಣಿತವಾದ ಬಗೆ

ಸಂಜೆ ಏಳು ಗಂಟೆ. ಆರ್.ಟಿ. ನಗರದ ಯಾವುದೋ ಅಡ್ಡರಸ್ತೆಯ ಎರಡನೇ ಮಹಡಿಯ ಮನೆಯೊಂದನ್ನು ಊಹಿಸಿಕೊಳ್ಳಿ. ಒಳಕೋಣೆಯಲ್ಲಿ ಎರಡನೇ ಪಿಯುಸಿ ಓದುವ ಮಗ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕೂತಿದ್ದಾನೆ. ಅಡುಗೆಮನೆಯಿಂದ ತಾಯಿಯ ದನಿ ಬರುತ್ತದೆ.

"ಲೋ, ಸ್ವಲ್ಪ ಸೌಂಡ್ ಕಡಿಮೆ ಮಾಡೋ. ಕೆಳಗಿನ ಮನೆಯವರು ಬಂದು ಹೇಳಿ ಹೋದರು."

"ಕಡಿಮೆ ಮಾಡಿದ್ರೆ ಆ ಸೌಂಡೇ ಬರಲ್ಲಮ್ಮ!"

ತಾಯಿಯ ಕಿವಿಗೆ ಇದು ತಲೆಹರಟೆ ಮಾತು. ಆದರೆ ಭೌತಶಾಸ್ತ್ರ ಈ ಒಂದು ವಿಷಯದಲ್ಲಿ ಹುಡುಗನ ಪರ. ಹಳೆಯ ಮಾದರಿಯ ಗಿಟಾರ್ ವರ್ಧಕ, ಅಂದರೆ ಆಂಪ್ಲಿಫೈಯರ್, ತನ್ನ ಪ್ರಸಿದ್ಧವಾದ ದನಿಯನ್ನು ಹೊರಡಿಸಬೇಕಾದರೆ ಅದನ್ನು ಕಿವಿ ಗಡಚಿಕ್ಕುವಷ್ಟು ಏರಿಸಲೇಬೇಕು. ಅರುವತ್ತು ವರ್ಷಗಳಿಂದ ಗಿಟಾರ್ ವಾದಕರನ್ನೂ ಅವರ ನೆರೆಹೊರೆಯವರನ್ನೂ ಕಾಡಿರುವ ಸಮಸ್ಯೆ ಇದು. ಇದಕ್ಕೆ ಈಗ ದೊರೆತಿರುವ ಪರಿಹಾರದ ಹೆಸರು ಡಿಜಿಟಲ್ ಆಂಪ್ ಮಾಡೆಲರ್. ಅದು ಪುಸ್ತಕದಷ್ಟು ಅಗಲದ ಒಂದು ಗಣಕ.

ಜಾಲಹಳ್ಳಿಯ ಗಾಜಿನ ಬುರುಡೆ

ಹಳೆಯ ವರ್ಧಕದ ಜೀವ ಇರುವುದು ನಿರ್ವಾತ ನಳಿಕೆಯಲ್ಲಿ. ನಮ್ಮ ಹಿರಿಯರು ರೇಡಿಯೊ ತೆರೆದಾಗ ಕಾಣುತ್ತಿದ್ದ, ಕೆಂಪಗೆ ಮಿನುಗುವ 'ವಾಲ್ವ್' ಅದೇ. ಗಾಜಿನ ಬುರುಡೆಯೊಳಗೆ ಕಾದ ಕ್ಯಾಥೋಡು ಎಲೆಕ್ಟ್ರಾನುಗಳನ್ನು ಉಗುಳುತ್ತದೆ, ಆನೋಡು ಅವನ್ನು ಸೆಳೆದುಕೊಳ್ಳುತ್ತದೆ. ನಡುವಿನ ತಂತಿಬಲೆ ನಲ್ಲಿಯ ತಿರುಪಿನಂತೆ ಆ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಬಲೆಗೆ ಗಿಟಾರಿನ ಸಣ್ಣ ಸಂಕೇತವನ್ನು ಕೊಟ್ಟರೆ ಆನೋಡಿನಲ್ಲಿ ಅದರದೇ ದೊಡ್ಡ ನಕಲು ದೊರೆಯುತ್ತದೆ.

ಈ ನಳಿಕೆಗಳಿಗಾಗಿ ವಿಲಾಯತಿಯತ್ತ ನೋಡಬೇಕಾಗಿಲ್ಲ. ಯಶವಂತಪುರದಿಂದ ಸ್ವಲ್ಪ ದೂರದ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ನಮ್ಮ ಬಿಇಎಲ್, 1961ರಿಂದ ರೇಡಿಯೊ ನಳಿಕೆಗಳನ್ನು ತಯಾರಿಸತೊಡಗಿತು. ಮರುವರ್ಷವೇ ಅರೆವಾಹಕಗಳ ತಯಾರಿಕೆಯೂ ಶುರುವಾಯಿತು. ಅಲ್ಲಿಂದ ಹೊರಬಂದ ನಳಿಕೆಗಳಲ್ಲಿ ಇಎಲ್84 ಎಂಬುದೂ ಒಂದು. ಬ್ರಿಟನ್ನಿನ ವೋಕ್ಸ್ ಎಸಿ30 ಎಂಬ ಗಿಟಾರ್ ವರ್ಧಕದಲ್ಲಿ ಇದೇ ಜಾತಿಯ ನಾಲ್ಕು ನಳಿಕೆಗಳಿರುತ್ತವೆ. ಬೀಟಲ್ಸ್ ತಂಡದವರು ನುಡಿಸಿದ್ದು ಅದರ ಮೂಲಕ. ಕ್ವೀನ್ ತಂಡದ ಬ್ರಯಾನ್ ಮೇ ಅದನ್ನು ಬಿಟ್ಟು ಬೇರೆಡೆಗೆ ಹೋದದ್ದು ಕಡಿಮೆ. ಮೇ ಖಗೋಳ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರೆಂಬುದನ್ನು ವಿದ್ಯಾರ್ಥಿಗಳು ಗಮನಿಸಬಹುದು. ಗಿಟಾರ್ ಹಿಡಿದರೆ ಓದು ಕೆಡುತ್ತದೆ ಎನ್ನುವ ತಂದೆತಾಯಿಯರೂ ಗಮನಿಸಬಹುದು!

ಇನ್ನು ಹುಡುಗನ ವಾದಕ್ಕೆ ಬರೋಣ. ನಳಿಕೆಗೆ ಅದರ ಶಕ್ತಿ ಮೀರಿ ಸಂಕೇತ ಕೊಟ್ಟರೆ ಅಲೆಯ ತುದಿಗಳು ಪೂರ್ತಿ ಏರಲಾರದೆ ಸವೆದು ದುಂಡಗಾಗುತ್ತವೆ. ಗಣಿತದ ಭಾಷೆಯಲ್ಲಿ ಹೇಳುವುದಾದರೆ, ಶುದ್ಧವಾದ ಸೈನ್ ಅಲೆ ಕೆಟ್ಟು, ಅದರಲ್ಲಿ ಮೂಲ ಆವೃತ್ತಿಯ ಎರಡು, ಮೂರು, ನಾಲ್ಕರಷ್ಟಿರುವ ಮೇಲ್ಸ್ವರಗಳು ಸೇರಿಕೊಳ್ಳುತ್ತವೆ. ಎಂಜಿನಿಯರ್ ಇದನ್ನು ದೋಷ ಎನ್ನುತ್ತಾನೆ, ರಾಕ್ ಸಂಗೀತಗಾರ ಇದನ್ನೇ ಸಂಗೀತ ಎನ್ನುತ್ತಾನೆ. ತಂಬೂರಿಯ ಕುದುರೆಯ ಮೇಲೆ ನೂಲಿನೆಳೆ ಇಟ್ಟು ಜೀವಾಳ ಹಿಡಿಯುವುದನ್ನು ಬಲ್ಲವರಿಗೆ ಇದೇನೂ ಹೊಸದಲ್ಲ. ಮೇಲ್ಸ್ವರಗಳಿಲ್ಲದೆ ಜೀವಾಳವಿಲ್ಲ.

ತೊಂದರೆಯೆಂದರೆ, ನಳಿಕೆ ಹೀಗೆ ಸೋಲುವುದು ಅದರ ಪೂರ್ಣ ಸಾಮರ್ಥ್ಯದ ಅಂಚಿನಲ್ಲಿ. ಗಿಟಾರಿನ ಒಳ್ಳೆಯ ಧ್ವನಿವರ್ಧಕಕ್ಕೆ ಕೇವಲ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಸುಮಾರು 100 ಡೆಸಿಬೆಲ್ ಶಬ್ದ ಬರುತ್ತದೆ. 30 ವ್ಯಾಟ್ ಕೊಟ್ಟರೆ 115ರ ಹತ್ತಿರ. "ಹಾಗಾದರೆ 15 ವ್ಯಾಟಿನದು ತರೋಣ, ಗಲಾಟೆ ಅರ್ಧವಾಗುತ್ತದೆ" ಎಂದು ಲೆಕ್ಕ ಹಾಕುವ ತಂದೆಯರು ಮೋಸ ಹೋಗುತ್ತಾರೆ. ಡೆಸಿಬೆಲ್ ಲಾಗರಿದಮ್ ಅಳತೆಯಾದ್ದರಿಂದ ಶಕ್ತಿ ಅರ್ಧವಾದರೆ ಇಳಿಯುವುದು ಬರೀ 3 ಡೆಸಿಬೆಲ್. ಶಬ್ದ ಅರ್ಧವಾದಂತೆ ಕಿವಿಗೆ ಅನ್ನಿಸಬೇಕಾದರೆ ಶಕ್ತಿಯನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಬೇಕು. ಇತ್ತ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಕೊಟ್ಟಿರುವ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಕೆಳಗಿನ ಮನೆಯವರು ಬಂದದ್ದರಲ್ಲಿ ತಪ್ಪೇನಿದೆ?

ಅಂಕಿಗಳಲ್ಲಿ ಅಡಗಿದ ನಳಿಕೆ

ನಳಿಕೆಯ ದನಿಯನ್ನು ಸಣ್ಣ ಪೆಟ್ಟಿಗೆಗೆ ಇಳಿಸುವ ಪ್ರಯತ್ನ ಹಳೆಯದು. ಬೋಸ್ಟನ್ ಎಂಬ ತಂಡದ ಟಾಮ್ ಶೋಲ್ಝ್ ಎಂಐಟಿಯಲ್ಲಿ ಓದಿದ ಎಂಜಿನಿಯರ್. ಅವರು 1982ರಲ್ಲಿ ಹೊರತಂದ ರಾಕ್‌ಮ್ಯಾನ್ ಎಂಬ ಸಾಧನವನ್ನು ಬೆಲ್ಟಿಗೆ ಸಿಕ್ಕಿಸಿಕೊಂಡು ಹೆಡ್‌ಫೋನಿನಲ್ಲಿ ನುಡಿಸಿ ಕೇಳಬಹುದಿತ್ತು. ಆದರೆ ಅದು ಅಂಕಿಗಳ ಯಂತ್ರವಾಗಿರಲಿಲ್ಲ. 1996ರಲ್ಲಿ ಅಮೆರಿಕದ ಲೈನ್ 6 ಕಂಪನಿ ಡಿಜಿಟಲ್ ಮಾಡೆಲಿಂಗ್ ಇರುವ ವರ್ಧಕವನ್ನು ತಂದಿತು. 1998ರಲ್ಲಿ ಅದೇ ಕಂಪನಿಯ, ಕೆಂಪು ಬಣ್ಣದ ಹುರುಳಿಬೀಜದಾಕಾರದ 'ಪಾಡ್' ಜಗತ್ತಿನ ಸ್ಟುಡಿಯೊಗಳಿಗೆಲ್ಲ ನುಗ್ಗಿತು.

ಒಳಗೆ ನಡೆಯುವುದೇನು? ಗಿಟಾರಿನ ಉಕ್ಕಿನ ತಂತಿ ಅಯಸ್ಕಾಂತದ ಮುಂದೆ ಕಂಪಿಸಿದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಹೈಸ್ಕೂಲಿನಲ್ಲಿ ಓದಿದ ಫ್ಯಾರಡೆಯ ನಿಯಮವೇ ಇದು. ಮಾಡೆಲರು ಆ ವಿದ್ಯುತ್ತನ್ನು ಸೆಕೆಂಡಿಗೆ 48,000 ಸಲ ಅಳೆದು, ಪ್ರತಿ ಸಲವೂ ಒಂದು ಅಂಕಿ ಬರೆದುಕೊಳ್ಳುತ್ತದೆ. 24 ಬಿಟ್ ಅಳತೆ ಎಂದರೆ 1 ಕೋಟಿ 67 ಲಕ್ಷಕ್ಕೂ ಹೆಚ್ಚು ಮೆಟ್ಟಿಲುಗಳಿರುವ ಅಳತೆಗೋಲು. ನಳಿಕೆ ಹೇಗೆ ಅಲೆಯ ತುದಿಯನ್ನು ಸವೆಸುತ್ತದೆಯೋ ಹಾಗೆಯೇ ಆ ಅಂಕಿಗಳನ್ನು ಸೂತ್ರದ ಮೂಲಕ ಬಗ್ಗಿಸಿ, ಮತ್ತೆ ವಿದ್ಯುತ್ತಾಗಿಸಿ ಹೊರಗೆ ಕಳಿಸುತ್ತದೆ. ಸೂತ್ರಕ್ಕೆ ಕಡಿಮೆ ಶಬ್ದ, ಹೆಚ್ಚು ಶಬ್ದ ಎಂಬ ಭೇದವಿಲ್ಲ. ಪೂರ್ತಿ ಏರಿಸಿದ ನಳಿಕೆಯ ದನಿಯನ್ನು ಪಿಸುಮಾತಿನಷ್ಟು ಮೆಲ್ಲಗೆ ಕೇಳಬಹುದು!

ಕೇಳುವುದಕ್ಕೆ ಸುಲಭ, ಮಾಡುವುದು ಕಷ್ಟ. ಸಿನಿಮಾದಲ್ಲಿ ಮುಂದೆ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗುವಂತೆ ಕಾಣುವುದನ್ನು ನೀವು ನೋಡಿರಬೇಕು. ಕ್ಯಾಮೆರಾ ಸಾಕಷ್ಟು ಸಲ ನೋಡದಿದ್ದರೆ ಆಗುವ ಭ್ರಮೆ ಅದು. ಇಲ್ಲಿಯೂ ಅದೇ ಪಾಡು. ಸೆಕೆಂಡಿಗೆ 48,000 ಸಲ ಅಳೆಯುವ ಯಂತ್ರ 24,000 ಹರ್ಟ್ಸ್‌ವರೆಗಿನ ಕಂಪನಗಳನ್ನು ಮಾತ್ರ ಸರಿಯಾಗಿ ಹಿಡಿಯಬಲ್ಲದು. ಸೂತ್ರದೊಳಗೆ ಹುಟ್ಟಿದ ಮೇಲ್ಸ್ವರ 30,000 ಹರ್ಟ್ಸ್ ಆದರೆ ಅದು ಮಡಚಿಕೊಂಡು 18,000ದಲ್ಲಿ ಕಾಣಿಸಿಕೊಳ್ಳುತ್ತದೆ. ನುಡಿಸಿದ ಸ್ವರಕ್ಕೂ ಅದಕ್ಕೂ ಸಂಬಂಧವಿಲ್ಲ, ಬರೀ ಅಪಸ್ವರ. ಇದನ್ನು ತಪ್ಪಿಸಲು ಲೆಕ್ಕವನ್ನು ಇನ್ನೂ ಹಲವು ಪಟ್ಟು ವೇಗದಲ್ಲಿ ನಡೆಸಬೇಕು. ಮೊದಮೊದಲ ಮಾಡೆಲರುಗಳ ದನಿ ಒರಟಾಗಿದ್ದುದಕ್ಕೆ ಆಗಿನ ಚಿಪ್ಪುಗಳಿಗೆ ಇಷ್ಟು ಕಸುವಿಲ್ಲದಿದ್ದುದೂ ಒಂದು ಕಾರಣ.

2006ರ ಫ್ರ್ಯಾಕ್ಟಲ್ ಕಂಪನಿಯ ಆಕ್ಸ್-ಎಫ್‌ಎಕ್ಸ್, ಆಮೇಲೆ ಜರ್ಮನಿಯ ಕೆಂಪರ್, 2015ರಲ್ಲಿ ಲೈನ್ 6ರ ಹೀಲಿಕ್ಸ್ ಹೀಗೆ ಯಂತ್ರಗಳು ಸುಧಾರಿಸುತ್ತ ಬಂದವು. ಈಚೆಗೆ ನ್ಯೂರಲ್ ಜಾಲಗಳೂ ಬಂದಿವೆ. ನಿಜವಾದ ವರ್ಧಕಕ್ಕೆ ಪರೀಕ್ಷಾ ಸಂಕೇತ ಕೊಟ್ಟು, ಹೊರಬಂದದ್ದನ್ನು ಹೋಲಿಸಿ ಹೋಲಿಸಿ ಗಣಕ ತಾನೇ ಕಲಿಯುತ್ತದೆ. ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ. ಮನೆಯಲ್ಲಿ ಕಂಪ್ಯೂಟರು ಇದ್ದರೆ ಪ್ರಯೋಗಕ್ಕೆ ಅಷ್ಟೇ ಸಾಕು.

ಗೋಲಗುಮ್ಮಟದ ಒಂದು ಚಪ್ಪಾಳೆ

ನಳಿಕೆಯ ನಂತರ ಧ್ವನಿವರ್ಧಕದ ಸರದಿ. ಗಿಟಾರಿನ ಪೆಟ್ಟಿಗೆಯಲ್ಲಿರುವ ಸ್ಪೀಕರು ಎಲ್ಲ ಸ್ವರಗಳನ್ನೂ ಸಮನಾಗಿ ನುಡಿಯುವುದಿಲ್ಲ. ಸುಮಾರು 5,000 ಹರ್ಟ್ಸ್ ದಾಟಿದೊಡನೆ ಅದರ ದನಿ ಕುಸಿಯುತ್ತದೆ. ಆ ಕುಸಿತವೇ ಗಿಟಾರಿನ ಕರ್ಕಶತೆಯನ್ನು ಸೋಸುವ ಜರಡಿ. ಈ ಗುಣವನ್ನು ಅಂಕಿಗಳಿಗೆ ಇಳಿಸುವ ಉಪಾಯ ಸೊಗಸಾಗಿದೆ. ವಿಜಯಪುರದ ಗೋಲಗುಮ್ಮಟದಲ್ಲಿ ಒಂದು ಚಪ್ಪಾಳೆ ತಟ್ಟಿ, ಅದರ ಮಾರ್ದನಿಯನ್ನು ಕೊನೆಯವರೆಗೂ ಧ್ವನಿಮುದ್ರಿಸಿಕೊಂಡರೆಂದು ಇಟ್ಟುಕೊಳ್ಳಿ. ಆ ಒಂದು ಚಪ್ಪಾಳೆಯಲ್ಲಿ ಗುಮ್ಮಟದ ಇಡೀ ಗುಣ ಅಡಗಿರುತ್ತದೆ. ಆಮೇಲೆ ಯಾರದೇ ಹಾಡನ್ನು ಆ ಮುದ್ರಿಕೆಯೊಡನೆ ಗಣಿತರೀತ್ಯಾ ಹೆಣೆದರೆ, ಅವರು ಗುಮ್ಮಟದೊಳಗೇ ನಿಂತು ಹಾಡಿದಂತೆ ಕೇಳುತ್ತದೆ. ಮಾಡೆಲರಿನಲ್ಲಿ ಗುಮ್ಮಟದ ಬದಲು ಸ್ಪೀಕರ್ ಪೆಟ್ಟಿಗೆಯ 'ಚಪ್ಪಾಳೆ' ಇರುತ್ತದೆ.

ವೇದಿಕೆಯಲ್ಲಿ ಹೆಚ್ಚಿನ ಹುಡುಗರು ಎಡವುವುದು ಇಲ್ಲಿಯೇ. ಮಾಡೆಲರಿನೊಳಗೆ ಸ್ಪೀಕರಿನ ನಕಲು ಆಗಲೇ ಇದೆ. ಅದನ್ನು ಒಯ್ದು ಮತ್ತೊಂದು ಗಿಟಾರ್ ಪೆಟ್ಟಿಗೆಗೆ ಜೋಡಿಸಿದರೆ ಜರಡಿ ಎರಡಾಗಿ, ಕಂಬಳಿ ಹೊದ್ದು ನುಡಿಸಿದಂತೆ ಮಬ್ಬಾಗುತ್ತದೆ. ನಕಲನ್ನು ಆರಿಸಿ ನೇರವಾಗಿ ಸಭಾಂಗಣದ ಸ್ಪೀಕರಿಗೆ ಕೊಟ್ಟರೆ ಜರಡಿಯೇ ಇಲ್ಲದೆ, ಡಬ್ಬಿಯಲ್ಲಿ ಕೂಡಿಹಾಕಿದ ದುಂಬಿಯ ಗುಂಯ್‌ಗುಟ್ಟುವಿಕೆ! ಮಾಡೆಲರಿಗೆ ತಕ್ಕ ಜೋಡಿಯೆಂದರೆ, ತನ್ನದೇ ಬಣ್ಣ ಸೇರಿಸದೆ ತಗ್ಗಿನಿಂದ ಏರಿನವರೆಗೂ ಸಮನಾಗಿ ನುಡಿಯುವ, ಒಳಗೇ ವರ್ಧಕವಿರುವ ಪವರ್ಡ್ ಸ್ಪೀಕರು. ಇಂಥದ್ದನ್ನು ಗಿಟಾರಿನವರು ಎಫ್‌ಆರ್‌ಎಫ್‌ಆರ್ ಎನ್ನುತ್ತಾರೆ. ಭಾಷಣಕ್ಕೂ ಭರತನಾಟ್ಯಕ್ಕೂ ಬಾಡಿಗೆಗೆ ತರುವ ಪವರ್ಡ್ ಸ್ಪೀಕರುಗಳೂ ಬಹುಮಟ್ಟಿಗೆ ಇದೇ ಕೆಲಸ ಮಾಡುತ್ತವೆ.

ವಿಳಂಬದ ವಿಷಯ ಒಂದಿದೆ. ಅಳೆದು, ಲೆಕ್ಕ ಹಾಕಿ, ಮತ್ತೆ ವಿದ್ಯುತ್ತಾಗಿಸಲು ಯಂತ್ರಕ್ಕೆ ಕೆಲವು ಮಿಲಿಸೆಕೆಂಡು ಬೇಕು. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ 3 ಮಿಲಿಸೆಕೆಂಡ್ ಎಂದರೆ ಪೆಟ್ಟಿಗೆಯಿಂದ ಒಂದು ಮೀಟರ್ ದೂರ ಸರಿದು ನಿಂತಂತೆ. ಯಾರಿಗೂ ಅದರಿಂದ ತೊಂದರೆಯಿಲ್ಲ. ಆದರೆ ಬ್ಲೂಟೂತ್ ಹೆಡ್‌ಫೋನು ಬೇಡ. ಅದರ ವಿಳಂಬ 100 ಮಿಲಿಸೆಕೆಂಡನ್ನೂ ದಾಟಬಹುದು. ಬೆರಳು ಒಂದು ಕಡೆ, ತಾಳ ಇನ್ನೊಂದು ಕಡೆ. ತಂತಿಯ ಹೆಡ್‌ಫೋನೇ ಸರಿ.

ಅರಮನೆ ಮೈದಾನದಿಂದ ಅಂಟಾರ್ಕ್ಟಿಕಾಕ್ಕೆ

ಆರ್.ಟಿ. ನಗರಕ್ಕೆ ಹತ್ತಿರದಲ್ಲೇ, ಮೇಖ್ರಿ ವೃತ್ತದ ಪಕ್ಕದ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡಗಳು ನುಡಿಸಿದವು. ಬೆಂಗಳೂರಿನ ರಾಕ್ ಪ್ರಿಯರು ಇಂದಿಗೂ ನೆನೆಯುವ ಸಂಜೆಗಳು ಅವು. ಇದೇ ಮೆಟಾಲಿಕಾ 2013ರ ಡಿಸೆಂಬರ್ 8ರಂದು ಅಂಟಾರ್ಕ್ಟಿಕಾದಲ್ಲಿ ಅರ್ಜೆಂಟೀನಾದ ಕಾರ್ಲಿನಿ ನೆಲೆಯ ಗುಡಾರದಂಥ ಗುಮ್ಮಟದೊಳಗೆ ನುಡಿಸಿತು. ಅಲ್ಲಿನ ಪರಿಸರಕ್ಕೆ ಧಕ್ಕೆಯಾಗದಿರಲೆಂದು ಸಭೆಗೆ ಸ್ಪೀಕರುಗಳನ್ನು ಇಡದೆ, ಕೇಳುಗರಿಗೆಲ್ಲ ಹೆಡ್‌ಫೋನು ಕೊಟ್ಟಿದ್ದರು. ಜಗತ್ತಿನ ಅತಿ ಗದ್ದಲದ ತಂಡಗಳಲ್ಲೊಂದು ಪೆಂಗ್ವಿನ್‌ಗಳ ನಿದ್ದೆ ಕೆಡಿಸದೆ ನುಡಿಸಬಲ್ಲದಾದರೆ, ಹೆಬ್ಬಾಳದ ಅಪಾರ್ಟ್‌ಮೆಂಟಿನಲ್ಲಿ ಏಕೆ ಸಾಧ್ಯವಿಲ್ಲ?

ಬೆಂಗಳೂರಿಗೆ ಇಂಥ ಬದಲಾವಣೆ ಹೊಸದಲ್ಲವೆಂಬುದನ್ನೂ ಹೇಳಬೇಕು. ವಿಮಾನ ಎಂಜಿನಿಯರೂ ಕೊಳಲು ವಾದಕರೂ ಆದ ಇಲ್ಲಿನ ಜಿ. ರಾಜ್ ನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ 1979ರ ಡಿಸೆಂಬರಿನಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಮ್ಮೇಳನದಲ್ಲಿ ಪ್ರದರ್ಶನಗೊಂಡಿತು. ಇಂದು ಸಂಗೀತದ ಪಾಠ ನಡೆಯುವ ಎಷ್ಟೋ ಮನೆಗಳಲ್ಲಿ ಶ್ರುತಿ ಹಿಡಿಯುವುದು ಅಂಥ ಪೆಟ್ಟಿಗೆಯೇ. ಆದರೆ ತಂಬೂರಿಯ ಪೆಟ್ಟಿಗೆ ತನ್ನ ಪಾಡಿಗೆ ತಾನು ನುಡಿಯುತ್ತದೆ. ಗಿಟಾರಿನ ಮಾಡೆಲರು ಬೆರಳಿನ ಪ್ರತಿ ಒತ್ತಿಗೂ ಆ ಕ್ಷಣವೇ ಓಗೊಡಬೇಕು. ಅದಕ್ಕೇ ಇಷ್ಟು ವರ್ಷ ಹಿಡಿಯಿತು.

ಹಾಗಾದರೆ ನಳಿಕೆಯ ಕಾಲ ಮುಗಿಯಿತೇ? ವಾದಕರು ಒಪ್ಪುವುದಿಲ್ಲ. ದೊಡ್ಡ ಪೆಟ್ಟಿಗೆಯ ಗಾಳಿ ಪ್ಯಾಂಟಿನ ಕಾಲಿಗೆ ಬಡಿಯಬೇಕು, ಅದರ ಶಬ್ದಕ್ಕೆ ತಂತಿ ತಾನೇ ಮತ್ತೆ ಕಂಪಿಸಬೇಕು ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಹೆಡ್‌ಫೋನಿನಲ್ಲಿ ಆ ಸುಖವಿಲ್ಲ, ಪವರ್ಡ್ ಸ್ಪೀಕರಿನ ಎದುರು ನಿಂತರೆ ಸ್ವಲ್ಪ ಮಟ್ಟಿಗೆ ಸಿಗುತ್ತದೆ. ಆದರೆ ವಿದ್ಯಾರ್ಥಿಗೆ ನಳಿಕೆಯ ವರ್ಧಕ ಬೇಡವೆನ್ನುವುದೇ ವಿವೇಕ. ಎಸಿ30ರಂಥದ್ದು 30 ಕಿಲೋದಷ್ಟು ತೂಗುತ್ತದೆ. ಯಲಹಂಕದಾಚೆಯ ಎಂಜಿನಿಯರಿಂಗ್ ಕಾಲೇಜಿನ ಉತ್ಸವಕ್ಕೆ ಅದನ್ನು ಬೈಕಿನಲ್ಲಿ ಒಯ್ಯಲಾಗದು. ಒಳಗೆ 300 ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತದೆ, ಸ್ವಿಚ್ ಆರಿಸಿದ ಮೇಲೂ ಅದು ಕೆಪಾಸಿಟರುಗಳಲ್ಲಿ ಉಳಿದಿರಬಹುದು. ಮಾಡೆಲರು ಬೆನ್ನುಚೀಲದಲ್ಲಿ ಹೋಗುತ್ತದೆ. ದೊಡ್ಡ ಮಾಡೆಲರುಗಳ ಬೆಲೆ ಲಕ್ಷ ದಾಟುವುದುಂಟು, ಅಭ್ಯಾಸಕ್ಕೆ ಅವು ಬೇಕಿಲ್ಲ. ಕೆಲವು ಸಾವಿರದ ಸಣ್ಣ ಯಂತ್ರ, ತಂತಿಯ ಹೆಡ್‌ಫೋನು ಇದ್ದರೆ ಆಯಿತು. ಪವರ್ಡ್ ಸ್ಪೀಕರು ಕಾರ್ಯಕ್ರಮದ ದಿನ ಬಾಡಿಗೆಗೆ ದೊರೆಯುತ್ತದೆ.

ಹೆಡ್‌ಫೋನು ಕೊಡಿಸಿದ ತಂದೆತಾಯಿಯರು ನೆಮ್ಮದಿಯಿಂದ ಕೂರುವ ಹಾಗೂ ಇಲ್ಲ. ಮನೆ ಶಾಂತವಾಯಿತೆಂದರೆ ಕಿವಿ ಸುರಕ್ಷಿತವಾಯಿತೆಂದಲ್ಲ. 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆ ತಾಳಬಹುದೆಂಬುದು ವೃತ್ತಿ ಆರೋಗ್ಯ ತಜ್ಞರ ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಸಿಗುವುದು ಬರೀ 15 ನಿಮಿಷ. ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ನುಡಿಸಿ ಎದ್ದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಮರುದಿನ ಶಬ್ದ ಇಳಿಸಲೇಬೇಕು.

ವೇದಿಕೆ ಹತ್ತುವವರಿಗೆ ಇನ್ನೊಂದು ಮಾತು. ಕರೆಂಟು ಹೋಗಿ ಜನರೇಟರು ಶುರುವಾಗುವ ನಡುವಿನ ಕ್ಷಣದಲ್ಲಿ ಮಾಡೆಲರು ಆರಿಹೋಗುತ್ತದೆ. ಅದು ಗಣಕವಾದ್ದರಿಂದ ಮತ್ತೆ ಮೊದಲಿನಿಂದ ಎಚ್ಚರಗೊಳ್ಳಬೇಕು. ಅಷ್ಟರಲ್ಲಿ ಹಾಡಿನ ಅರ್ಧ ಚರಣ ಮುಗಿದಿರುತ್ತದೆ. ಮನೆಯ ಕಂಪ್ಯೂಟರಿಗೆಂದು ತಂದ ಸಣ್ಣ ಯುಪಿಎಸ್ ಇದ್ದರೆ ಜೊತೆಗೆ ಒಯ್ಯುವುದು ಒಳ್ಳೆಯದು. ಗಿಟಾರಿನ ತಂತಿ ಹಿಡಿದು ಮೈಕಿಗೆ ತುಟಿ ತಾಗಿಸಿದಾಗ ಜುಮ್ಮೆಂದರೆ ಅರ್ತಿಂಗ್ ಸರಿಯಿಲ್ಲ ಎಂದರ್ಥ. ಆಗ ತಕ್ಷಣ ನಿಲ್ಲಿಸಿ ಸೌಂಡಿನವರನ್ನು ಕರೆಯಬೇಕು. ಅವರು ಬಂದು ಸರಿಪಡಿಸುವವರೆಗೆ ಮೈಕನ್ನೂ ಗಿಟಾರನ್ನೂ ಮುಟ್ಟಬಾರದು.